ಕನ್ನಡ ಮಾಧ್ಯಮದ ವಿದ್ಯಾರ್ಥಿನಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದಬಹುದೇ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವಳು. ಕನ್ನಡ ಮಾಧ್ಯಮದಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ವಿಷಯಗಳನ್ನು ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಪದವಿಯಲ್ಲಿ ರಾಜ್ಯಶಾಸ್ತ್ರವನ್ನೂ ಮುಂದೆ ಎಂ.ಎ.ಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನೂ ಓದುವ ಆಸೆಯಿದೆ. ನಮ್ಮದು ನಾಲ್ಕು ಎಕರೆ ಕಾಫಿ, ಮೆಣಸಿನ ತೋಟ. ‘ಅದು ದಿಲ್ಲಿಯಲ್ಲಿ ಇಂಗ್ಲಿಷ್‌ನಲ್ಲಿ ಓದಿದ ಮಕ್ಕಳಿಗೆ ಆಗುವ ಓದು, ಪೇಪರ್ ಓದಿದರೆ ತಿಳಿಯುವ ವಿಷಯಕ್ಕೆ ಐದು ವರ್ಷ ಯಾಕೆ’ ಎಂದು ಅಪ್ಪ ಕೇಳುತ್ತಾರೆ. ಅವರಿಗೆ ಏನು ಹೇಳಲಿ? ಈ ವಿಷಯವನ್ನು ಹೇಗೆ ಓದಬೇಕು?

ಉತ್ತರ: ನಿಮ್ಮ ತಂದೆಯವರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹಾಸನ ಜಿಲ್ಲೆಯ ಕಾಲೇಜುಗಳಲ್ಲಿ ನಾನು ಪಾಠ ಹೇಳಿದ ವರ್ಷಗಳಲ್ಲಿ, ಪ್ರವೇಶದ ದಿನಗಳು ಬಂದಾಗಲೆಲ್ಲ ಯಾರಾದರೊಬ್ಬರು ತಂದೆಯೋ ತಾಯಿಯೋ ಇದನ್ನೇ ಕೇಳಿದ್ದಾರೆ, ಮತ್ತು ಅದು ಕೇಳಲೇಬೇಕಾದ ಪ್ರಶ್ನೆ. ಪತ್ರಿಕೆಯನ್ನು ಓದಿದರೆ ಏನು ನಡೆಯಿತು ಎಂಬುದು ತಿಳಿಯುತ್ತದೆ. ಆ ನಿರ್ಧಾರವನ್ನು ಮಾಡುವ ಅಧಿಕಾರ ಯಾರಿಗಿತ್ತು, ಅದು ಅವರಿಗೆ ಎಲ್ಲಿಂದ ಬಂತು, ನಿರ್ಧಾರದಿಂದ ನಷ್ಟವಾದವರು ಯಾರನ್ನು ಹೋಗಿ ಕೇಳಬೇಕು, ಅವರು ಉತ್ತರ ಕೊಡಲೇಬೇಕಾದವರೋ ಅಲ್ಲವೋ ಎಂಬ ಪ್ರಶ್ನೆಗಳನ್ನು ಕ್ರಮಬದ್ಧವಾಗಿ ಕೇಳುವುದಕ್ಕೂ ಉತ್ತರವನ್ನು ದಾಖಲೆಗಳಲ್ಲಿ ಹುಡುಕುವುದಕ್ಕೂ ಕಲಿಸುವುದು ರಾಜ್ಯಶಾಸ್ತ್ರ.

ಇದನ್ನು ನಿಮ್ಮ ತೋಟದ ಮೆಣಸಿನಿಂದಲೇ ವಿವರಿಸಬಹುದು. ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರ್‌ನಲ್ಲಿ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅದು 2000ದಲ್ಲಿ ಜಾರಿಗೆ ಬಂತು. ವಿಯೆಟ್ನಾಂನ ಅಗ್ಗದ ಮೆಣಸು ಶ್ರೀಲಂಕಾದ್ದೆಂಬ ಹೆಸರಿನಲ್ಲಿ ಸುಂಕದ ರಿಯಾಯಿತಿ ಪಡೆದು ಒಳಗೆ ಬಂದು ಬೆಲೆಯನ್ನು ಕುಸಿಯುವಂತೆ ಮಾಡುತ್ತಿದೆ ಎಂದು ಮಲೆನಾಡಿನ ಬೆಳೆಗಾರರು ವರ್ಷಗಟ್ಟಲೆ ದೂರಿದ ಮೇಲೆ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆಯನ್ನು ನಿಗದಿ ಮಾಡಿತು. ಇಷ್ಟನ್ನು ಪತ್ರಿಕೆ ಹೇಳುತ್ತದೆ. ಈಗ ಸಂವಿಧಾನದ ಏಳನೆಯ ಅನುಸೂಚಿಯನ್ನು ತೆರೆಯಿರಿ. ರಾಜ್ಯ ಪಟ್ಟಿಯ 14ನೆಯ ನಮೂದು ಕೃಷಿ. ಕೇಂದ್ರ ಪಟ್ಟಿಯ 14ನೆಯ ನಮೂದು ವಿದೇಶಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಮತ್ತು ಅದನ್ನು ಜಾರಿಗೊಳಿಸುವುದು. ಎರಡು ಪಟ್ಟಿಗಳಲ್ಲಿ ಒಂದೇ ಸಂಖ್ಯೆ ಬಿದ್ದಿರುವುದು ಕಾಕತಾಳೀಯ. ಆದರೆ ಈ ಎರಡರ ನಡುವೆ ಸಿಕ್ಕಿಕೊಂಡಿರುವುದು ನಿಮ್ಮ ತೋಟ. ಬೆಳೆಗೆ ಹೊಣೆಯಾದ ಸರ್ಕಾರ ಬೆಂಗಳೂರಿನಲ್ಲಿದೆ, ಬೆಳೆಯ ಬೆಲೆಯನ್ನು ಅಲುಗಾಡಿಸುವ ಒಪ್ಪಂದಕ್ಕೆ ಸಹಿ ಹಾಕುವ ಸರ್ಕಾರ ದಿಲ್ಲಿಯಲ್ಲಿದೆ. 253ನೆಯ ವಿಧಿಯ ಪ್ರಕಾರ, ಒಪ್ಪಂದವೊಂದನ್ನು ಜಾರಿಗೊಳಿಸಲು ರಾಜ್ಯ ಪಟ್ಟಿಯ ವಿಷಯದ ಮೇಲೂ ಸಂಸತ್ತು ಕಾನೂನು ಮಾಡಬಹುದು. ಅಮೆರಿಕದಲ್ಲಿ ಒಪ್ಪಂದಕ್ಕೆ ಸೆನೆಟ್ಟಿನ ಮೂರನೆಯ ಎರಡು ಭಾಗದ ಸಮ್ಮತಿ ಬೇಕೆಂದು ಅಲ್ಲಿನ ಸಂವಿಧಾನ ಹೇಳುತ್ತದೆ. ನಮ್ಮ ಸಂವಿಧಾನದಲ್ಲಿ ಅಂಥ ನಿಬಂಧನೆ ಇಲ್ಲ, ಸಹಿ ಹಾಕುವುದು ಕಾರ್ಯಾಂಗದ ಕೆಲಸವಾಗಿಯೇ ನಡೆದುಬಂದಿದೆ. ಅದು ಸರಿಯೇ, ರಾಜ್ಯಗಳನ್ನು ಕೇಳದೆ ಮಾಡಿದ ಒಪ್ಪಂದ ಅಲ್ಲಿನ ರೈತನನ್ನು ಯಾವ ನ್ಯಾಯದ ಮೇಲೆ ಕಟ್ಟಿಹಾಕುತ್ತದೆ ಎಂದು ಕೇಳಿದ ಕೂಡಲೇ ನೀವು ರಾಜಕೀಯ ಸಿದ್ಧಾಂತ, ಭಾರತದ ಸರ್ಕಾರ, ತೌಲನಿಕ ರಾಜಕಾರಣ, ಅಂತರರಾಷ್ಟ್ರೀಯ ಸಂಬಂಧಗಳು ಎಂಬ ನಾಲ್ಕೂ ಶಾಖೆಗಳ ಒಳಗೆ ಬಂದಿರುತ್ತೀರಿ. ವಿಶ್ವವಿದ್ಯಾಲಯ ಇವನ್ನು ಬೇರೆ ಬೇರೆ ಪತ್ರಿಕೆಗಳಾಗಿ ಕಲಿಸುತ್ತದೆ. ಒಂದು ಸೆಮಿಸ್ಟರಿನಲ್ಲಿ ಓದಿದ್ದನ್ನು ಇನ್ನೊಂದರ ಜೊತೆ ಸೇರಿಸಿ ಯೋಚಿಸುವ ಕೆಲಸ ಮಾತ್ರ ನಿಮ್ಮದೇ.

ಇನ್ನೊಂದು ಉದಾಹರಣೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ತರಗತಿಯಲ್ಲಿ ನನಗೆ ಇದಕ್ಕಿಂತ ಹೆಚ್ಚು ಫಲ ಕೊಟ್ಟ ಪಾಠ ಮತ್ತೊಂದಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರ ಜೂನ್‌ನಿಂದ 1997ರ ಏಪ್ರಿಲ್‌ವರೆಗೆ ಪ್ರಧಾನಿಯಾಗಿದ್ದರು. ಆ ಅವಧಿಯಲ್ಲಿ, 1996ರ ಡಿಸೆಂಬರ್ 12ರಂದು, ಅವರು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೊಂದಿಗೆ ಗಂಗಾ ನೀರು ಹಂಚಿಕೆಯ ಒಪ್ಪಂದಕ್ಕೆ ಸಹಿ ಹಾಕಿದರು. ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ಜನವರಿ 1ರಿಂದ ಮೇ 31ರವರೆಗಿನ ಬೇಸಿಗೆಯ ನೀರನ್ನು ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಹಂಚಿಕೊಳ್ಳುವ ಸೂತ್ರ ಅದರಲ್ಲಿದೆ: ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಮಪಾಲು; 70,000ದಿಂದ 75,000ದವರೆಗೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ; ಅದಕ್ಕೂ ಮೇಲಿದ್ದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಒಪ್ಪಂದದ ಅವಧಿ 30 ವರ್ಷ.

ಇದರ ಪಕ್ಕದಲ್ಲಿ ಕಾವೇರಿಯನ್ನು ಇಟ್ಟು ನೋಡಿ. ಮದ್ರಾಸು ಮತ್ತು ಮೈಸೂರುಗಳ ನಡುವೆ 1892 ಮತ್ತು 1924ರ ಒಪ್ಪಂದಗಳಾದವು. 1990ರಲ್ಲಿ ನ್ಯಾಯಮಂಡಳಿಯ ರಚನೆಯಾಯಿತು, 2007ರ ಫೆಬ್ರವರಿಯಲ್ಲಿ ಅದರ ಅಂತಿಮ ತೀರ್ಪು ಬಂತು, 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಹಾಗಿದ್ದರೂ ಮಳೆ ಕೈಕೊಟ್ಟ ವರ್ಷ ಬಂತೆಂದರೆ ಸಂಕಷ್ಟದ ನೀರನ್ನು ಹೇಗೆ ಹಂಚಬೇಕೆಂಬ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ, ಕಾವೇರಿಯ ಉಪನದಿ ಹೇಮಾವತಿಯ ಮೇಲಿರುವ ಗೊರೂರಿನ ಅಣೆಕಟ್ಟಿನ ಮಟ್ಟ ಎಷ್ಟಿದೆ ಎಂಬುದು ಹಾಸನದಲ್ಲಿಯೂ ತಂಜಾವೂರಿನಲ್ಲಿಯೂ ಸುದ್ದಿಯಾಗುತ್ತದೆ. ಎರಡು ಸಾರ್ವಭೌಮ ದೇಶಗಳು ಒಂದು ಸೂತ್ರಕ್ಕೆ ಬಂದವು. ಒಂದೇ ಸಂವಿಧಾನದ ಕೆಳಗಿರುವ ಎರಡು ರಾಜ್ಯಗಳಿಗೆ ಅದು ಏಕೆ ಇಷ್ಟು ಕಷ್ಟವಾಯಿತು?

ಈ ಪ್ರಶ್ನೆಗೆ ವಿದ್ಯಾರ್ಥಿಗಳು ತಕ್ಷಣ ಕೊಡುವ ಉತ್ತರ ‘ರಾಜಕಾರಣಿಗಳಿಗೆ ಮನಸ್ಸಿಲ್ಲ’ ಎಂಬುದು. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಮನಸ್ಸು ಗಂಗೆಯ ಕಡೆಯಲ್ಲಿಯೂ ಸುಲಭವಾಗಿ ಬಂದಿರಲಿಲ್ಲ. ಕಾರಣಗಳನ್ನು ಒಂದೊಂದಾಗಿ ಬಿಡಿಸಬೇಕು. ದೇಶಗಳ ಮೇಲೆ ನ್ಯಾಯಾಲಯವೊಂದು ಕಡ್ಡಾಯವಾಗಿ ಕುಳಿತಿಲ್ಲದ ಕಾರಣ ಮಾತುಕತೆ ಬಿಟ್ಟು ಅವಕ್ಕೆ ಬೇರೆ ದಾರಿ ಕಡಿಮೆ. ರಾಜ್ಯಗಳಿಗಾದರೋ ದಾವೆಯ ದಾರಿ ಇದೆ, ಮಾತುಕತೆಯಲ್ಲಿ ಬಿಟ್ಟುಕೊಟ್ಟವನೆಂಬ ಹೆಸರು ಹೊರುವುದಕ್ಕಿಂತ ತೀರ್ಪಿಗೆ ತಲೆಬಾಗಿದವನೆಂಬ ಹೆಸರು ಯಾವ ಮುಖ್ಯಮಂತ್ರಿಗೂ ಹಗುರ. 262ನೆಯ ವಿಧಿಯು ಜಲವಿವಾದಗಳನ್ನು ನ್ಯಾಯಾಲಯಗಳಿಂದ ಹೊರಗಿಡಲು ಸಂಸತ್ತಿಗೆ ಅವಕಾಶ ಕೊಟ್ಟಿದ್ದರೂ ಕಾವೇರಿ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿದ ಬಗೆಯೇ ಒಂದು ಸೆಮಿಸ್ಟರಿನ ಅಧ್ಯಯನಕ್ಕೆ ಸಾಕು. ಗಂಗಾ ಒಪ್ಪಂದ ಸಾಧ್ಯವಾಗುವುದರಲ್ಲಿ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಸಹಕಾರ ದೊಡ್ಡದಿತ್ತು; 2011ರಲ್ಲಿ ಬಾಂಗ್ಲಾದೇಶದೊಂದಿಗಿನ ತೀಸ್ತಾ ನದಿಯ ಒಪ್ಪಂದ ಸಹಿಯ ಹಂತಕ್ಕೆ ಬಂದು ನಿಂತದ್ದು ಅದೇ ರಾಜ್ಯದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪದಿದ್ದುದರಿಂದ. ಎಂದರೆ ಸಂವಿಧಾನದ ಪಟ್ಟಿ ಒಂದು ಹೇಳುತ್ತದೆ, ವಾಸ್ತವ ಅಧಿಕಾರ ಬೇರೆ ಕಡೆ ಇರುತ್ತದೆ. ಸ್ವಾರಸ್ಯದ ಸಂಗತಿಯೆಂದರೆ, ಕಾವೇರಿ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆಧರಿಸಿದ ಸಮನ್ಯಾಯದ ಹಂಚಿಕೆಯ ತತ್ತ್ವಕ್ಕೆ 1966ರ ಹೆಲ್ಸಿಂಕಿ ನಿಯಮಗಳ ಹಿನ್ನೆಲೆಯಿದೆ. ಅವು ದೇಶದೇಶಗಳ ನಡುವಿನ ನದಿಗಳಿಗಾಗಿ ರೂಪುಗೊಂಡವು. ಅಂತರರಾಷ್ಟ್ರೀಯ ಸಂಬಂಧಗಳೆಂಬ ವಿಷಯ ನಿಮ್ಮ ಜಿಲ್ಲೆಯ ಹೇಮಾವತಿಯ ದಂಡೆಗೆ ಬರುವುದು ಹೀಗೆ.

ಹಾಗಾದರೆ ಸಿದ್ಧಾಂತಗಳು ಏಕೆ ಬೇಕು, ಘಟನೆಗಳನ್ನು ಓದಿದರೆ ಸಾಲದೇ ಎಂದು ನೀವು ಎರಡನೆಯ ವರ್ಷದಲ್ಲಿ ಖಂಡಿತ ಕೇಳುತ್ತೀರಿ. ವಾಸ್ತವವಾದ, ಉದಾರವಾದ, ರಚನಾವಾದ ಎಂಬ ಹೆಸರುಗಳನ್ನು ಪರೀಕ್ಷೆಗಾಗಿ ಉರು ಹೊಡೆದರೆ ಅವು ಸತ್ತ ಪದಗಳು. ಒಂದೇ ಘಟನೆಯನ್ನು ಮೂರು ಕಡೆಯಿಂದ ನೋಡಲು ಬಳಸಿದರೆ ಮಾತ್ರ ಅವುಗಳ ಬೆಲೆ ತಿಳಿಯುತ್ತದೆ. ಕಾಫಿಯನ್ನೇ ತೆಗೆದುಕೊಳ್ಳಿ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದವು ರಫ್ತು ಮಾಡುವ ದೇಶಗಳಿಗೆ ಕೋಟಾ ನಿಗದಿಪಡಿಸಿ ಬೆಲೆಯನ್ನು ಎತ್ತಿಹಿಡಿಯುವ ವ್ಯವಸ್ಥೆಯನ್ನು ತಂದಿತು. ಕಾಫಿ ಕೊಳ್ಳುವ ದೇಶವಾದ ಅಮೆರಿಕಕ್ಕೆ ಬೆಲೆ ಹೆಚ್ಚಾಗುವುದರಿಂದ ಏನು ಲಾಭ? ಕ್ಯೂಬಾದ ಕ್ರಾಂತಿಯ ನಂತರ, ಬೆಲೆ ಕುಸಿದು ಲ್ಯಾಟಿನ್ ಅಮೆರಿಕದ ಬೆಳೆಗಾರರು ಕಮ್ಯುನಿಸಂ ಕಡೆ ವಾಲಬಾರದೆಂಬುದು ಅದರ ಚಿಂತೆಯಾಗಿತ್ತು. ಶೀತಲ ಸಮರದ ಬಿಸಿ ಆರುತ್ತಿದ್ದ 1989ರ ಜುಲೈಯಲ್ಲಿ ಕೋಟಾ ವ್ಯವಸ್ಥೆ ಮುರಿದುಬಿದ್ದು ಬೆಲೆ ನೆಲಕಚ್ಚಿತು. ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಅದೇ ದಶಕದಲ್ಲಿ, ಬೆಳೆಯನ್ನೆಲ್ಲ ಕಾಫಿ ಮಂಡಳಿ ಒಟ್ಟಿಗೆ ಮಾರುವ ಪೂಲ್‌ಗೆ ಒಪ್ಪಿಸಬೇಕೆಂಬ ನಿಯಮವನ್ನು ಹಂತಹಂತವಾಗಿ ಸಡಿಲಿಸಲಾಯಿತು. ಆ ವರ್ಷಗಳನ್ನು ಚಿಕ್ಕಮಗಳೂರಿನ, ಸಕಲೇಶಪುರದ ಹಿರಿಯ ಬೆಳೆಗಾರರು ಇಂದಿಗೂ ನೆನೆಯುತ್ತಾರೆ. ನಿಮ್ಮ ತಾತ ಇದ್ದರೆ ಕೇಳಿ ಬರೆದಿಟ್ಟುಕೊಳ್ಳಿ.

ವಾಸ್ತವವಾದಿ ಹೇಳುತ್ತಾನೆ: ಬಲಿಷ್ಠ ದೇಶಕ್ಕೆ ಬೇಕಿದ್ದಷ್ಟು ಕಾಲ ಒಪ್ಪಂದ ಉಳಿಯಿತು, ಬೇಡವಾದಾಗ ಹೋಯಿತು. ಉದಾರವಾದಿ ಹೇಳುತ್ತಾನೆ: ಹಿತಾಸಕ್ತಿಗಳು ಬೇರೆ ಬೇರೆಯಾಗಿದ್ದ ಹತ್ತಾರು ದೇಶಗಳನ್ನು ನಡುವೆ ಬಿಡುವುಗಳಿದ್ದರೂ ಸುಮಾರು ಕಾಲು ಶತಮಾನ ಒಟ್ಟಿಗೆ ಹಿಡಿದದ್ದು ಸಂಸ್ಥೆಯ ಶಕ್ತಿಯಲ್ಲವೇ? ರಚನಾವಾದಿ ಕೇಳುತ್ತಾನೆ: ಬೆಳೆಗಾರನಿಗೆ ನ್ಯಾಯವಾದ ಬೆಲೆಯೆಂಬ ಕಲ್ಪನೆಯೇ 1962ರಲ್ಲಿ ಒಂದು ಬಗೆಯಲ್ಲಿತ್ತು, 1989ರ ಹೊತ್ತಿಗೆ ಮಾರುಕಟ್ಟೆಯೇ ನ್ಯಾಯವೆಂಬ ನಂಬಿಕೆ ಅದರ ಜಾಗಕ್ಕೆ ಬಂದದ್ದು ಹೇಗೆ? ಮೂವರಲ್ಲಿ ಯಾರ ಮಾತು ಹೆಚ್ಚು ಸರಿ ಎಂಬುದನ್ನು ನಾನು ಹೇಳುವುದಿಲ್ಲ. ಪುರಾವೆಯನ್ನು ಮುಂದಿಟ್ಟು ವಾದಿಸುವುದು ನಿಮ್ಮ ಕೆಲಸ. ಇಂದಿನ ಪ್ರಶ್ನೆಯನ್ನೂ ಅದರ ಜೊತೆಗೆ ಇಟ್ಟುಕೊಳ್ಳಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ತನ್ನ ಮಾರುಕಟ್ಟೆಗೆ ಬಿಡಬಾರದೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಅದರ ಜಾರಿ ಮುಂದಕ್ಕೆ ಹೋಗಿದ್ದರೂ, ತೋಟದ ಸ್ಥಳವನ್ನು ಅಕ್ಷಾಂಶ ರೇಖಾಂಶಗಳ ಸಮೇತ ದಾಖಲಿಸಬೇಕೆಂಬ ಮಾತು ನಿಮ್ಮ ತಂದೆಯವರ ಕಿವಿಗೂ ಬಿದ್ದಿರಬಹುದು. ಅವರು ಮತ ಹಾಕದ ಸಂಸತ್ತೊಂದರ ಕಾನೂನು ಅವರ ತೋಟದೊಳಕ್ಕೆ ಬರುತ್ತದೆಂದಾದರೆ ಸಾರ್ವಭೌಮತ್ವ ಎಂಬ ಪದದ ಅರ್ಥವೇನು? ಕಾಡು ಉಳಿಯಬೇಕೆಂಬುದು ಒಳ್ಳೆಯ ಉದ್ದೇಶವಾದ ಮಾತ್ರಕ್ಕೆ ಆ ಪ್ರಶ್ನೆ ಇಲ್ಲವಾಗುವುದಿಲ್ಲ.

ಸಿದ್ಧಾಂತವೆಂದರೆ ಪಶ್ಚಿಮದಿಂದ ಬಂದದ್ದು ಎಂಬ ಸಂಕೋಚವನ್ನೂ ಬಿಡಿ. ರಾಜನೀತಿಯನ್ನು ಕುರಿತ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿ, 1915ರಲ್ಲಿ ಇಂಗ್ಲಿಷಿಗೆ ತಂದು ಜಗತ್ತಿಗೆ ಕೊಟ್ಟವರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. ನೆರೆಯವನು ಶತ್ರುವಾಗುವ, ನೆರೆಯವನ ನೆರೆಯವನು ಮಿತ್ರನಾಗುವ ಮಂಡಲ ಸಿದ್ಧಾಂತವನ್ನೂ, ಸಂಧಿ (ಒಪ್ಪಂದ), ವಿಗ್ರಹ (ಯುದ್ಧ), ಆಸನ (ಸುಮ್ಮನೆ ಕಾಯುವುದು), ಯಾನ (ದಂಡೆತ್ತಿ ಹೋಗುವುದು), ಸಂಶ್ರಯ (ಬಲಿಷ್ಠನ ಆಶ್ರಯ), ದ್ವೈಧೀಭಾವ (ಒಬ್ಬನೊಡನೆ ಸಂಧಿ, ಇನ್ನೊಬ್ಬನೊಡನೆ ಯುದ್ಧ) ಎಂಬ ಆರು ನೀತಿಗಳನ್ನೂ ಇಂದು ಅನೇಕ ದೇಶಗಳ ವಿಶ್ವವಿದ್ಯಾಲಯಗಳು ಚರ್ಚಿಸುತ್ತವೆ. ಅದರ ಬಗ್ಗೆ ಹೆಮ್ಮೆಪಟ್ಟು ಸುಮ್ಮನಾಗುವವರನ್ನು ನಾನು ಬಹಳ ಕಂಡಿದ್ದೇನೆ, ಆ ಆರು ನೀತಿಗಳಿರುವ ಏಳನೆಯ ಅಧಿಕರಣವನ್ನು ಕುಳಿತು ಓದಿದವರನ್ನು ಕಡಿಮೆ ಕಂಡಿದ್ದೇನೆ. ನೀವು ಓದಿ, ಮತ್ತು ಒಪ್ಪದ ಕಡೆ ಒಪ್ಪಬೇಡಿ.

ಇನ್ನು ಭಾಷೆ. ನಿಮ್ಮ ಪತ್ರದಲ್ಲಿ ನನಗೆ ಕಂಡ ಮುಖ್ಯ ಅಳುಕು ಇದೇ. ಇಂಗ್ಲಿಷ್ ಬೇಕಾಗಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಒಪ್ಪಂದಗಳ ಪಠ್ಯ, ಸಂಶೋಧನ ಲೇಖನಗಳು, ಅಧ್ಯಾಪನದ ಅರ್ಹತೆಗಾಗಿ ಬರೆಯುವ ನೆಟ್ ಪರೀಕ್ಷೆ, ಹೊರರಾಜ್ಯದ ಎಂ.ಎ. ಪ್ರವೇಶ, ಎಲ್ಲಕ್ಕೂ ಅದು ಬೇಕು. ಆದರೆ ಅದು ಮೂರು ವರ್ಷಗಳಲ್ಲಿ ಕಟ್ಟಿಕೊಳ್ಳಬಹುದಾದ ಶಕ್ತಿ, ಮತ್ತು ಅದಕ್ಕೆ ಸ್ಪೋಕನ್ ಇಂಗ್ಲಿಷ್ ತರಗತಿ ದಾರಿಯಲ್ಲ. ಭಾರತದ ಸಂವಿಧಾನದ ಕನ್ನಡ ಆವೃತ್ತಿಯನ್ನೂ ಇಂಗ್ಲಿಷ್ ಪಠ್ಯವನ್ನೂ ಎದುರುಬದುರಾಗಿ ಇಟ್ಟುಕೊಂಡು ದಿನಕ್ಕೆ ಒಂದು ವಿಧಿಯನ್ನು ಓದಿ, ಅದು ಏನು ಹೇಳುತ್ತದೆಂಬುದನ್ನು ನಿಮ್ಮದೇ ಕನ್ನಡದಲ್ಲಿ ಐದು ಸಾಲು ಬರೆಯಿರಿ. ಒಂದು ವರ್ಷವಾದ ಮೇಲೆ ಸಂವಿಧಾನ ಸಭೆಯ ಚರ್ಚೆಗಳ ಇಂಗ್ಲಿಷಿಗೆ ಹೋಗಿ. ಅಲ್ಲಿನ ಮಾತು ಕೇಳುಗರಿಗಾಗಿ ಆಡಿದ್ದಾದ್ದರಿಂದ ಪಠ್ಯಪುಸ್ತಕಕ್ಕಿಂತ ಬೇಗ ಒಳಗೆ ಇಳಿಯುತ್ತದೆ.

ಕನ್ನಡದಲ್ಲಿ ಯೋಚಿಸುವುದರಿಂದ ಒಂದು ಲಾಭವೂ ಇದೆ, ಒಂದು ತೊಡಕೂ ಇದೆ. ತೊಡಕೆಂದರೆ ನಮ್ಮ ‘ರಾಜ್ಯ’ ಎಂಬ ಪದ ಎರಡು ಹೊರೆ ಹೊತ್ತಿದೆ. ರಾಜ್ಯಶಾಸ್ತ್ರದ ‘ರಾಜ್ಯ’ವೆಂದರೆ ಜನ, ಭೂಪ್ರದೇಶ, ಸರ್ಕಾರ, ಸಾರ್ವಭೌಮತ್ವ ಇರುವ ಸಂಘಟನೆ, ಕರ್ನಾಟಕ ರಾಜ್ಯಕ್ಕೆ ಇವುಗಳಲ್ಲಿ ಕೊನೆಯದು ಇಲ್ಲ. ದೇಶ, ರಾಷ್ಟ್ರ, ರಾಜ್ಯ, ಸರ್ಕಾರ ಎಂಬ ನಾಲ್ಕು ಪದಗಳನ್ನು ಮಾತಿನಲ್ಲಿ ಒಂದರ ಬದಲು ಒಂದು ಬಳಸುತ್ತೇವೆ. ಬರೆಯುವಾಗ ಹಾಗೆ ಮಾಡಿದರೆ ವಾದ ಜಾರಿಹೋಗುತ್ತದೆ. ಸರ್ಕಾರವನ್ನು ಟೀಕಿಸುವುದು ದೇಶವನ್ನು ಟೀಕಿಸುವುದಲ್ಲ ಎಂಬ ಸರಳ ಸಂಗತಿಯೂ ಈ ಪದವಿವೇಕದ ಮೇಲೆಯೇ ನಿಂತಿದೆ. ಲಾಭವೆಂದರೆ, ಅನುವಾದ ಮಾಡಲು ಕುಳಿತಾಗ ಅರ್ಥವಾಗದ್ದನ್ನು ಅರ್ಥವಾದಂತೆ ದಾಟಿಸುವುದು ಸಾಧ್ಯವಿಲ್ಲ. ಇಂಗ್ಲಿಷಿನಲ್ಲೇ ಓದಿ ಇಂಗ್ಲಿಷಿನಲ್ಲೇ ಬರೆಯುವ ವಿದ್ಯಾರ್ಥಿ ತನಗೆ ತಿಳಿಯದ ಪದವನ್ನೂ ಹಾಗೆಯೇ ಎತ್ತಿ ಉತ್ತರಪತ್ರಿಕೆಯಲ್ಲಿ ಇಡಬಲ್ಲ. ನಿಮಗೆ ಆ ಸೌಕರ್ಯವಿಲ್ಲದಿರುವುದು ಒಳ್ಳೆಯದೇ.

ಎಲ್ಲಿ ಓದಬೇಕೆಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಬಿ.ಎ.ಗಾಗಿ ಊರು ಬಿಟ್ಟು ಸಾಲ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಮನೆಗೆ ಹತ್ತಿರದ ಸರ್ಕಾರಿ ಕಾಲೇಜು ಸಾಕು, ಅಲ್ಲಿನ ಗ್ರಂಥಾಲಯ ತೆರೆದಿರುತ್ತದೆಯೇ ಎಂದು ಮಾತ್ರ ಮೊದಲು ನೋಡಿ. ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಜೊತೆಯ ವಿಷಯಗಳಲ್ಲಿ ಅರ್ಥಶಾಸ್ತ್ರವನ್ನು ಬಿಡಬೇಡಿ. ಇಂದಿನ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಅರ್ಧ ಭಾಗ ಸುಂಕ, ಸಾಲ, ಕರೆನ್ಸಿಗಳದ್ದೇ. ಎಂ.ಎ.ಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಇದೆ. ಅಂತರರಾಷ್ಟ್ರೀಯ ಸಂಬಂಧಗಳಿಗೇ ಹೋಗಬೇಕೆಂದರೆ, 1955ರಲ್ಲಿ ಆರಂಭವಾಗಿ 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವನ್ನು ಸೇರಿದ ದಿಲ್ಲಿಯ ಅಂತರರಾಷ್ಟ್ರೀಯ ಅಧ್ಯಯನ ಶಾಲೆ, ಕೋಲ್ಕತ್ತದ ಜಾದವಪುರ, ಪುದುಚೇರಿ ವಿಶ್ವವಿದ್ಯಾಲಯ, ಸಾರ್ಕ್ ದೇಶಗಳು ಕೂಡಿ ಸ್ಥಾಪಿಸಿದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯ, ಇವುಗಳ ಪಠ್ಯಕ್ರಮವನ್ನು ಈಗಲೇ ತರಿಸಿಕೊಂಡು ನೋಡಿ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಎಂ.ಎ. ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ದಿಲ್ಲಿ ನಿಮ್ಮದೂ ಹೌದು ಎಂಬುದನ್ನು ತಂದೆಯವರಿಗೆ ಹೇಳಿ. ಸಾರ್ವಜನಿಕ ವಿಶ್ವವಿದ್ಯಾಲಯಗಳು ನಡೆಯುವುದು ಅವರ ತೆರಿಗೆಯಲ್ಲಿಯೂ ಹೌದು.

ಉದ್ಯೋಗದ ಮಾತನ್ನು ಮರೆಮಾಚಬಾರದು. ಈ ಪದವಿಯೊಂದೇ ನೌಕರಿ ಕೊಡುವುದಿಲ್ಲ. ಅಧ್ಯಾಪನಕ್ಕೆ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್ ಅರ್ಹತೆ ಬೇಕು, ಕಾಯಂ ಹುದ್ದೆಗಳ ಭರ್ತಿ ವರ್ಷಾನುಗಟ್ಟಲೆ ತಡವಾಗುತ್ತದೆ, ನನ್ನ ಅತ್ಯುತ್ತಮ ವಿದ್ಯಾರ್ಥಿಗಳಲ್ಲಿ ಕೆಲವರು ಅತಿಥಿ ಉಪನ್ಯಾಸಕರಾಗಿಯೇ ತಮ್ಮ ಒಳ್ಳೆಯ ವರ್ಷಗಳನ್ನು ಕಳೆದರು. ಅದು ನನ್ನನ್ನು ಈಗಲೂ ಕಾಡುತ್ತದೆ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ‘ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು’ ಐಚ್ಛಿಕ ವಿಷಯ, ಎರಡು ಪತ್ರಿಕೆಗಳಿಗೆ ಒಟ್ಟು 500 ಅಂಕ; ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಇಂಗ್ಲಿಷ್‌ನ ಮತ್ತು ಒಂದು ಭಾರತೀಯ ಭಾಷೆಯ ಅರ್ಹತಾ ಪತ್ರಿಕೆಗಳನ್ನು ಮಾತ್ರ ಪಾಸು ಮಾಡಲೇಬೇಕು. ವಿದೇಶಾಂಗ ಸೇವೆಯ ದಾರಿಯೂ ಇದೇ ಪರೀಕ್ಷೆ. ಆದರೆ ಆ ಪರೀಕ್ಷೆಯೊಂದಕ್ಕಾಗಿಯೇ ಈ ವಿಷಯವನ್ನು ಓದಬೇಡಿ. ಅಲ್ಲಿ ಆಯ್ಕೆಯಾಗುವವರು ಬಹಳ ಕಡಿಮೆ. ಆಯ್ಕೆಯಾಗದಿದ್ದವರಿಗೂ ಕಾನೂನು, ಪತ್ರಿಕೋದ್ಯಮ, ಬೆಳೆಗಾರರ ಸಂಘಟನೆಗಳ ಕೆಲಸ, ನೀತಿ ಸಂಶೋಧನೆ ಇವುಗಳಿಗೆ ಒಯ್ಯಬಹುದಾದಷ್ಟು ಸರಕು ಉಳಿದಿರಬೇಕು. ಮೂಲ ದಾಖಲೆಯನ್ನು ಓದಿ ಎರಡು ಪುಟಗಳಲ್ಲಿ ಸ್ಪಷ್ಟವಾಗಿ ಬರೆಯಬಲ್ಲ ಶಕ್ತಿಯೇ ಆ ಸರಕು. ಗೈಡುಗಳನ್ನು ಓದಿ ಅದು ಬರುವುದಿಲ್ಲ.

ಆದ್ದರಿಂದ ಕಾಲೇಜು ಶುರುವಾಗುವುದಕ್ಕೆ ಮೊದಲು ಎರಡು ಕೆಲಸ ಮಾಡಿ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ಹೋಗಿ ಕೊನೆಯವರೆಗೆ ಕುಳಿತು, ಯಾರು ಮಾತನಾಡಿದರು, ಯಾರು ಬಂದಿದ್ದೂ ಮಾತನಾಡಲಿಲ್ಲ, ಯಾವ ವಿಷಯ ನಡಾವಳಿ ಪುಸ್ತಕಕ್ಕೆ ಸೇರಿತು, ಯಾವುದು ಸೇರಲಿಲ್ಲ ಎಂದು ಬರೆದುಕೊಳ್ಳಿ. ಎರಡನೆಯದಾಗಿ, 1996ರ ಗಂಗಾ ಒಪ್ಪಂದದ ಪಠ್ಯವನ್ನು ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಹುಡುಕಿ ಓದಿ. ಅದು ಕೆಲವೇ ಪುಟಗಳದ್ದು, ಹನ್ನೆರಡು ಅನುಚ್ಛೇದಗಳಿವೆ, ಅದರ 30 ವರ್ಷಗಳ ಅವಧಿ 2026ರ ಡಿಸೆಂಬರ್‌ಗೆ ಮುಗಿಯುವಂಥದ್ದು. ಓದಿದ್ದನ್ನು ತಂದೆಯವರಿಗೆ ಕನ್ನಡದಲ್ಲಿ ವಿವರಿಸಿ, ಬರಗಾಲದ ವರ್ಷ ಅಂಥ ಸೂತ್ರವೊಂದು ಕಾವೇರಿಗೆ ಒಪ್ಪುತ್ತದೆಯೇ ಎಂದು ಅವರನ್ನೇ ಕೇಳಿ. ಅವರು ಕೊಡುವ ಉತ್ತರವನ್ನೂ ಅದಕ್ಕೆ ನೀವು ಎತ್ತಿದ ಆಕ್ಷೇಪಗಳನ್ನೂ ಬರೆದು ನನಗೆ ಕಳುಹಿಸಿ, ನಾನು ಓದಿ ತಿದ್ದಿಕೊಡುತ್ತೇನೆ.